ಉಪಗ್ರಹ ಅದೇ, ಬದಲಾಗಿದ್ದು ರೂಲ್ಸ್

ಇಸ್ರೋ ರಾಕೆಟ್ ಹಾರಿದಾಗಲೆಲ್ಲ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎರಡು ಪಂಗಡ ಆಗುತ್ತೆ. ಒಂದು ಕಡೆ ತ್ರಿವರ್ಣ ಧ್ವಜದ ಸ್ಟಿಕ್ಕರ್‌ಗಳ ಸುರಿಮಳೆ. ಇನ್ನೊಂದು ಕಡೆ ಯಾರಾದರೊಬ್ಬ ಚಿಕ್ಕಪ್ಪ, "ಈ ದುಡ್ಡಲ್ಲಿ ನಮ್ಮೂರ ರಸ್ತೆ ಗುಂಡಿ ಮುಚ್ಚಬಹುದಿತ್ತಲ್ಲಪ್ಪ?" ಅಂತ ಕೇಳ್ತಾರೆ. ಚಿಕ್ಕಪ್ಪನ ಪ್ರಶ್ನೆಗೆ ನಕ್ಕು ಸುಮ್ಮನಾಗಬಾರದು. ನಮ್ಮ ತೆರಿಗೆ ದುಡ್ಡು ಅದು, ಲೆಕ್ಕ ಕೇಳೋದು ನ್ಯಾಯವೇ. ಆದರೆ ಉತ್ತರಕ್ಕಾಗಿ ನಾವೆಲ್ಲ ರಾಕೆಟ್ ಕಡೆ ನೋಡ್ತೀವಿ. ಆ ಲಾಭ ನಮ್ಮ ಮನೆ ಬಾಗಿಲಿಗೆ ಬರುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಕಚೇರಿಯ ಫೈಲುಗಳಲ್ಲಿ.

ಜಿಪಿಎಸ್ ಕಥೆಯನ್ನೇ ತಗೊಳ್ಳಿ. 2000ನೇ ಇಸವಿಗೆ ಮುಂಚೆ ಅಮೆರಿಕದವರು ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿದ್ದರು. ಶತ್ರುಗಳು ಬಳಸಿಕೊಂಡಾರು ಅನ್ನೋ ಭಯ. ಹಾಗಾಗಿ ಸುಮಾರು 100 ಮೀಟರ್‌ವರೆಗೆ ಆಚೀಚೆ ಆಗೋದು. ನಾಲ್ಕನೇ ಕ್ರಾಸ್‌ನಲ್ಲಿ ನಿಂತವರನ್ನು ಆರನೇ ಕ್ರಾಸ್‌ನಲ್ಲಿ ತೋರಿಸಿದರೆ ಯಾವ ಕ್ಯಾಬ್ ತಾನೇ ಬಂದೀತು? 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಆ ತಪ್ಪು ಸೇರಿಸೋದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆಮೇಲೆ ನಿಖರತೆ ಸುಮಾರು ಹತ್ತು ಪಟ್ಟು ಹೆಚ್ಚಿತು. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಹಾರ್ಡ್‌ವೇರ್ ಮುಟ್ಟಲಿಲ್ಲ, ಒಂದು ಫ್ಲಾಗ್ ಆಫ್ ಮಾಡಿದರು ಅಷ್ಟೇ. ಇವತ್ತು ಬಿರಿಯಾನಿ ತರುವ ಹುಡುಗ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲೋದರ ಹಿಂದೆ ಆ ಒಂದು ನಿರ್ಧಾರ ಇದೆ.

ಎರಡನೇ ಕಥೆ ಲ್ಯಾಂಡ್‌ಸ್ಯಾಟ್‌ದು. ಭೂಮಿಯ ಫೋಟೋ ತೆಗೆಯೋ ಈ ಅಮೆರಿಕನ್ ಉಪಗ್ರಹ ಸರಣಿ ಶುರುವಾಗಿದ್ದು 1972ರಲ್ಲಿ. 1984ರಲ್ಲಿ ಒಂದು ಕಾಯ್ದೆ ತಂದು ಇದರ ವ್ಯವಹಾರವನ್ನು ಖಾಸಗಿಯವರ ಕೈಗೆ ಕೊಟ್ಟರು. ಒಂದೊಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. ವಿಶ್ವವಿದ್ಯಾಲಯದವರು, ಸಣ್ಣಪುಟ್ಟ ಸಂಶೋಧಕರು ಕೈಚೆಲ್ಲಿ ಕೂತರು. 1992ರಲ್ಲಿ ಇನ್ನೊಂದು ಕಾಯ್ದೆ ತಂದು ಮತ್ತೆ ಸರ್ಕಾರದ ಸುಪರ್ದಿಗೆ ತಗೊಂಡರು. ಬೆಲೆ ಸುಮಾರು 600 ಡಾಲರ್‌ಗೆ ಇಳಿಯಿತು. ಕೊನೆಗೆ 2008ರಲ್ಲಿ ಪೂರ್ತಿ ಉಚಿತ ಮಾಡಿದರು. ದುಡ್ಡಿಗೆ ಮಾರುತ್ತಿದ್ದ ಕಾಲದಲ್ಲಿ ಅತಿ ಹೆಚ್ಚು ಮಾರಾಟವಾಗಿದ್ದು 2001ರಲ್ಲಿ, ಸುಮಾರು 25,000 ಚಿತ್ರ. ಉಚಿತ ಆದಮೇಲೆ ಹೆಚ್ಚುಕಮ್ಮಿ ಒಂದೇ ವರ್ಷದಲ್ಲಿ ಡೌನ್‌ಲೋಡ್ ಆಗಿದ್ದು 10 ಲಕ್ಷ!

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಬೆಂಗಳೂರಿನ ಕೆರೆಗಳು ಎಷ್ಟು ಮಾಯವಾಗಿವೆ ಅಂತ ಲೆಕ್ಕ ಸಿಕ್ಕಿದ್ದು ಹೇಗೆ ಗೊತ್ತಾ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿತು. ನಗರದ ಜಲಮೂಲಗಳು ಶೇ. 79ರಷ್ಟು, ಹಸಿರು ಶೇ. 88ರಷ್ಟು ಕಡಿಮೆಯಾಗಿವೆ ಅಂತ ಗೊತ್ತಾಯಿತು. 1973ರ ಬೆಂಗಳೂರನ್ನು ಮೇಲಿಂದ ನೋಡಿಟ್ಟಿದ್ದು ಲ್ಯಾಂಡ್‌ಸ್ಯಾಟ್. "ಇಲ್ಲಿ ಕೆರೆ ಇರಲೇ ಇಲ್ಲ" ಅಂತ ಯಾರಾದರೂ ವಾದಿಸಿದರೆ, ಹಳೇ ಚಿತ್ರ ತೋರಿಸಿ ಬಾಯಿ ಮುಚ್ಚಿಸಬಹುದು. ಆ ಚಿತ್ರ ದುಡ್ಡಿದ್ದವರ ಕೈಲಿ ಮಾತ್ರ ಇದ್ದಿದ್ದರೆ?

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಯು.ಆರ್. ರಾವ್ ಅವರ ತಂಡ ಕಟ್ಟಿದ್ದು ಪೀಣ್ಯದ ಇಂಡಸ್ಟ್ರಿಯಲ್ ಶೆಡ್‌ಗಳಲ್ಲಿ. ಅದು ಹಾರಿದ್ದು 1975ರ ಏಪ್ರಿಲ್ 19ರಂದು. ಜನರಿಗೆ ಉಪಯೋಗ ಆಗಬೇಕು ಅನ್ನೋ ಮಾತು ನಮ್ಮಲ್ಲಿ ಮೊದಲಿಂದಲೂ ಇತ್ತು. ಮಲ್ಪೆ, ಕಾರವಾರದ ಮೀನುಗಾರರಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗದ ಮಾಹಿತಿ ಕೊಡುತ್ತೆ. ಸಮುದ್ರದ ಮೇಲ್ಮೈ ಎಷ್ಟು ಬಿಸಿ ಇದೆ, ನೀರಿನ ಬಣ್ಣ ಎಲ್ಲಿ ಹಸಿರಾಗಿದೆ ಅಂತ ಉಪಗ್ರಹ ನೋಡುತ್ತೆ. ಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳು ಇದ್ದಲ್ಲಿ ಮೀನು ಸೇರುತ್ತವೆ. ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಅನ್ನೋದು ಕನ್ನಡದಲ್ಲೇ ಸಿಗುತ್ತೆ, ಅದೂ ಉಚಿತವಾಗಿ. ಸುಮ್ಮನೆ ಹುಡುಕಾಡಿ ಸುಡೋ ಡೀಸೆಲ್ ಉಳಿಯುತ್ತೆ. ಚಿಕ್ಕಪ್ಪನಿಗೆ ಮೊದಲ ಉತ್ತರ ಇದೇ.

ಆದರೆ ಭೂಮಿಯ ಚಿತ್ರಗಳ ವಿಷಯದಲ್ಲಿ ನಮ್ಮ ಬಾಗಿಲು ಬಹಳ ಕಾಲ ಅರ್ಧ ಮಾತ್ರ ತೆರೆದಿತ್ತು. ಅದು ಸರಿಯಾಗಿ ತೆರೆದಿದ್ದು 2023ರ ಭಾರತೀಯ ಬಾಹ್ಯಾಕಾಶ ನೀತಿಯಿಂದ. ಸರ್ಕಾರಿ ಉಪಗ್ರಹಗಳ 5 ಮೀಟರ್ ಅಥವಾ ಅದಕ್ಕಿಂತ ಒರಟಾದ ಚಿತ್ರಗಳು ಎಲ್ಲರಿಗೂ ಉಚಿತ ಅಂತ ಅದರಲ್ಲಿದೆ. 5 ಮೀಟರ್ ಅಂದ್ರೆ ಚಿತ್ರದ ಒಂದು ಚುಕ್ಕಿಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚುಕ್ಕಿಯೊಳಗೆ ಮೂವತ್ತು-ನಲವತ್ತರ ಎಂಟು ಸೈಟು ಕಲಸಿಹೋಗುತ್ತವೆ. 5 ಮೀಟರ್‌ನಲ್ಲಾದರೆ ಒಂದೇ ಸೈಟು ನಾಲ್ಕು ಚುಕ್ಕಿಯಾಗಿ ಕಾಣುತ್ತೆ. ಇನ್ನೂ ಸೂಕ್ಷ್ಮ ಚಿತ್ರ ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ದುಡ್ಡಿಗೆ.

ಅದೇ ನೀತಿ ಖಾಸಗಿ ಕಂಪನಿಗಳಿಗೂ ದಾರಿ ಬಿಟ್ಟಿದೆ. ಅನುಮತಿ ಕೊಡೋದಕ್ಕೆ ಅಹಮದಾಬಾದಿನಲ್ಲಿ ಇನ್‌ಸ್ಪೇಸ್ ಅನ್ನೋ ಸಂಸ್ಥೆ ಇದೆ. ಬೆಂಗಳೂರಿನ ಪಿಕ್ಸೆಲ್ ಕಂಪನಿ ನೇತೃತ್ವದ ಒಕ್ಕೂಟ 2025ರಲ್ಲಿ ಅದರಿಂದ ದೊಡ್ಡ ಯೋಜನೆಯೊಂದನ್ನು ಗೆದ್ದಿತು. ಸುಮಾರು 1,200 ಕೋಟಿ ರೂಪಾಯಿ ಹೂಡಿಕೆ, ಭೂಮಿಯನ್ನು ಗಮನಿಸೋ 12 ಉಪಗ್ರಹ. ಖುಷಿಯ ವಿಷಯವೇ. ನಮ್ಮ ವಯಸ್ಸಿನವರಿಗೆ ಒಳ್ಳೇ ಕೆಲಸ ಸಿಗುತ್ತೆ, ಸರ್ಕಾರ ಒಂದೇ ಮಾಡೋದಕ್ಕಿಂತ ಬೇಗ ಉಪಗ್ರಹಗಳು ಮೇಲೆ ಹೋಗುತ್ತವೆ. ದುಡ್ಡು ಹಾಕಿದ ಕಂಪನಿ ಲಾಭ ನೋಡೋದರಲ್ಲೂ ತಪ್ಪಿಲ್ಲ.

ನನ್ನ ತಲೆ ಕೊರೆಯೋದು ಬೇರೆ. ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ, ಆಮೇಲೆ ಗೋಧಿಯ ಇಳುವರಿ ಅಂದಾಜಿಗೆ ಉಪಗ್ರಹದಂಥ ತಂತ್ರಜ್ಞಾನದ ಲೆಕ್ಕವನ್ನೂ ಸೇರಿಸುವ ವ್ಯವಸ್ಥೆ ಬಂದಿದೆ. ಕನಿಷ್ಠ ಶೇ. 30ರಷ್ಟು ತೂಕ ಅದಕ್ಕೆ. ಅಂದ್ರೆ ಬೆಳೆ ಹಾಳಾದ ರೈತನಿಗೆ ಪರಿಹಾರ ಎಷ್ಟು ಅನ್ನೋದರಲ್ಲಿ ಆಕಾಶದ ಕಣ್ಣಿಗೂ ಪಾಲಿದೆ. ಲಂಚ, ಮುಲಾಜು ಇಲ್ಲದ ಕಣ್ಣು, ಒಳ್ಳೇದೇ. ಆದರೆ ನಾಳೆ ಆ ಚಿತ್ರ ಯಾವುದೋ ಕಂಪನಿಯ ಸ್ವತ್ತಾದರೆ, "ನನ್ನ ಗದ್ದೆಯ ಚಿತ್ರ ನನಗೂ ತೋರಿಸಿ ಸ್ವಾಮಿ" ಅಂತ ರೈತ ಯಾರನ್ನ ಕೇಳಬೇಕು? ಊರಲ್ಲಿ ಎರಡೆಕರೆ ಗದ್ದೆ ಇರೋ ಅಪ್ಪ-ಅಮ್ಮ ನಮ್ಮಲ್ಲಿ ಎಷ್ಟೋ ಜನಕ್ಕಿದ್ದಾರೆ. ಅಮೆರಿಕ ಒಮ್ಮೆ ಚಿತ್ರಗಳನ್ನು ದುಬಾರಿ ಮಾಡಿ, ಎಂಟು ವರ್ಷ ಕಳೆದ ಮೇಲೆ ದಾರಿ ಬದಲಿಸಿತು. ಅವರು ಕಲಿತ ಪಾಠಕ್ಕೆ ನಾವೂ ಫೀಸು ಕಟ್ಟಬೇಕಾ?

ನನ್ನ ಅಭಿಪ್ರಾಯ ಇಷ್ಟೇ. ಜನರ ಪರಿಹಾರ, ಜನರ ಕೆರೆ, ಜನರ ಜಮೀನಿನ ಬಗ್ಗೆ ಸರ್ಕಾರ ತೀರ್ಮಾನ ಮಾಡೋದಕ್ಕೆ ಯಾವ ಚಿತ್ರ ಕೊಂಡರೂ, ಅದು ಆ ಜನರಿಗೂ ಕಾಣಬೇಕು. ಕೊಳ್ಳುವಾಗಲೇ ಒಪ್ಪಂದದಲ್ಲಿ ಇದನ್ನು ಬರೆದರೆ ಕಂಪನಿಗೂ ಮುಂಚೆಯೇ ಗೊತ್ತಿರುತ್ತೆ, ಬೆಲೆ ಹಾಗೇ ಹಾಕಿಕೊಳ್ಳುತ್ತೆ.

ನೀತಿ ಬಂದಿದೆ ನಿಜ, ಆದರೆ ಬಾಹ್ಯಾಕಾಶಕ್ಕೇ ಅಂತ ಸಮಗ್ರ ಕಾಯ್ದೆ ಸಂಸತ್ತಿನಲ್ಲಿ ಇನ್ನೂ ಪಾಸಾಗಿಲ್ಲ. 2017ರಲ್ಲಿ ಒಂದು ಕರಡು ಹೊರಬಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿದ್ದರು. ಮುಂದಿನ ಕರಡು ಬಂದಾಗ ಟರ್ಮ್ಸ್ ಆ್ಯಂಡ್ ಕಂಡೀಷನ್ಸ್ ಥರ ಕೆಳಗೆ ಸ್ಕ್ರಾಲ್ ಮಾಡಿ ಬಿಡಬೇಡಿ, ಓದಿ ನಾಲ್ಕು ಸಾಲು ಬರೆದು ಕಳಿಸಿ.

ಅಲ್ಲಿವರೆಗೆ ಈ ವೀಕೆಂಡ್ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಇಸ್ರೋದ 'ಭೂನಿಧಿ' ಪೋರ್ಟಲ್ ತೆಗೆದು, ನಿಮ್ಮೂರ ಕೆರೆ ಹುಡುಕಿ. ಹಳೇದೊಂದು, ಹೊಸದೊಂದು ಚಿತ್ರ ಪಕ್ಕಪಕ್ಕ ಇಟ್ಟು ಫ್ಯಾಮಿಲಿ ಗ್ರೂಪಿಗೆ ಹಾಕಿ. ಚಿಕ್ಕಪ್ಪನ ಮುಂದಿನ ಪ್ರಶ್ನೆ ರಾಕೆಟ್ ಬಗ್ಗೆ ಇರಲ್ಲ, ಕೆರೆ ಒತ್ತುವರಿ ಮಾಡಿದ್ದು ಯಾರು ಅಂತ ಇರುತ್ತೆ.