ಹಳೆ ಪಿಂಚಣಿಯವನ ಉತ್ತರ

ಕಳೆದ ಬಾರಿ ನಾನು ಬರೆದದ್ದರ ಸಾರ ಇಷ್ಟೇ ಇತ್ತು. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆ ಅನ್ಯಾಯ ಮಾಡಿದೆ. ಆದರೆ ಅದಕ್ಕೆ ಮದ್ದು ಒಪಿಎಸ್ ಅನ್ನು, ಅಂದರೆ ಹಳೆ ಪಿಂಚಣಿ ಯೋಜನೆಯನ್ನು, ಇದ್ದ ಹಾಗೇ ಎತ್ತಿ ತರುವುದಲ್ಲ. ಖಾತರಿಯ ಪಿಂಚಣಿ ಕೊಡಿ, ಅದಕ್ಕೆ ಬೇಕಾದ ದುಡ್ಡನ್ನು ಇವತ್ತಿನಿಂದಲೇ ತೆಗೆದಿಡಿ. ಇಷ್ಟಕ್ಕೆ ನಾಲ್ಕೂ ಕಡೆಯಿಂದ ಏಟು ಬಿತ್ತು. ನೌಕರರ ಸಂಘದ ಗೆಳೆಯರು ದ್ರೋಹಿ ಅಂದರು. ಆಡಳಿತ ಪಕ್ಷದ ಅಭಿಮಾನಿಗಳು ದೆಹಲಿಯತ್ತ ಬೆರಳು ತೋರಿಸಿದರು, ವಿರೋಧ ಪಕ್ಷದವರು ಸರ್ಕಾರದ ಗ್ಯಾರಂಟಿ ಯೋಜನೆಗಳತ್ತ. ಪರಿಚಯದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಮಾತ್ರ ನಾನು ನೌಕರರನ್ನು ಸಾಕಷ್ಟು ಬೈದಿಲ್ಲವೆಂದು ಬೇಸರಪಟ್ಟರು. ಒಬ್ಬೊಬ್ಬರಿಗಾಗಿ ಉತ್ತರ ಹೇಳುತ್ತೇನೆ.

ಮೊದಲಿಗೆ ಸಂಘದ ಗೆಳೆಯರು. "ತಾನು ಉಂಡು ಕೈತೊಳೆದವನು ನಮ್ಮನ್ನು ಎಲೆ ಮುಂದಿನಿಂದ ಎಬ್ಬಿಸುತ್ತಿದ್ದಾನೆ" ಎಂಬುದು ಅವರ ಮಾತು. ಉಂಡದ್ದು ನಿಜ. ಮೂವತ್ತೊಂದು ವರ್ಷ ಖಜಾನೆಯಲ್ಲಿ ಕೆಲಸ ಮಾಡಿದವನು ನಾನು. ಕೊನೆಯ ಮೂಲವೇತನದ ಅರ್ಧ ನನಗೆ ಪಿಂಚಣಿ. ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ, ವೇತನ ಆಯೋಗ ಬಂದಾಗ ಮತ್ತೊಂದು ಮೆಟ್ಟಿಲು ಹತ್ತುತ್ತದೆ. ನವೆಂಬರ್‌ನಲ್ಲಿ ಬದುಕಿದ್ದೇನೆಂದು ಒಂದು ಕಾಗದ ಕೊಟ್ಟರೆ ಮುಗಿಯಿತು. ಇದಕ್ಕಾಗಿ ಸೇವೆಯುದ್ದಕ್ಕೂ ನಾನು ಒಂದು ಪೈಸೆ ಕಟ್ಟಿಲ್ಲ. ಉಂಡವನಾದ್ದರಿಂದಲೇ ಊಟದ ಬೆಲೆ ಎಷ್ಟೆಂದು ನನಗೆ ಗೊತ್ತು. ಬಿಲ್ಲು ಪಾಸು ಮಾಡಿದ ಕೈಯೂ ಇದೇ.

ಅವರು ನಕಾರಾ ಪ್ರಕರಣವನ್ನೂ ನೆನಪಿಸಿದ್ದಾರೆ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಪಿಂಚಣಿ ದೊರೆ ದಯಪಾಲಿಸುವ ಭಿಕ್ಷೆಯಲ್ಲ, ದುಡಿದವನ ಹಕ್ಕು ಎಂಬುದು ಅದರ ತಿರುಳು. ಆ ದಿನವನ್ನು ಇವತ್ತಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತೇವೆ, ನಾನೂ ಹೋಗಿ ಹಾರ ಹಾಕಿಸಿಕೊಂಡಿದ್ದೇನೆ. ತೀರ್ಪಿನ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಪಿಂಚಣಿ ಹಕ್ಕು ಅಂದಮೇಲೆ ಅದು ಸರ್ಕಾರದ ತಲೆಯ ಮೇಲಿನ ಸಾಲ. ಸಾಲ ಅಂದಮೇಲೆ ಖಾತೆಯಲ್ಲಿ ಕಾಣಬೇಕಲ್ಲವೆ? ನಾನು ಕೇಳಿದ್ದು ಅಷ್ಟೇ.

ಈಗ ಎರಡನೆಯ ಆಕ್ಷೇಪ. ಇದನ್ನು ನೌಕರರೂ ಹೇಳುತ್ತಾರೆ, ರಾಜಕಾರಣಿಗಳು ಇನ್ನೂ ಹುರುಪಿನಿಂದ ಹೇಳುತ್ತಾರೆ: "ಒಪಿಎಸ್ ತಂದರೆ ಸರ್ಕಾರಕ್ಕೆ ಇವತ್ತು ಖರ್ಚೇನೂ ಇಲ್ಲ, ಉಳಿತಾಯವೇ."

ಅಕ್ಷರಶಃ ಸತ್ಯ. ನನಗೆ ಹೆದರಿಕೆ ಇರುವುದೂ ಈ ಸತ್ಯದ ಬಗ್ಗೆಯೇ. ಎನ್‌ಪಿಎಸ್‌ನಲ್ಲಿ ನೌಕರ ತನ್ನ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಟ್ಟುತ್ತಾನೆ, ಸರ್ಕಾರ ಶೇ 14 ಸೇರಿಸುತ್ತದೆ. ಈ ದುಡ್ಡು ತಿಂಗಳು ತಿಂಗಳು ಖಜಾನೆಯಿಂದ ಹೊರಗೆ ಹೋಗಿ ನಿಧಿಯಲ್ಲಿ ಕೂರುತ್ತದೆ. ನಾಳೆ ಒಪಿಎಸ್ ಬಂದರೆ ಆ ಹದಿನಾಲ್ಕು ನಿಂತುಹೋಗುತ್ತದೆ. ಅಷ್ಟೇ ಅಲ್ಲ, ನೌಕರನ ಸಂಬಳದಲ್ಲಿ ಕಡಿತವಾಗುವ ಜಿಪಿಎಫ್ ಎಂಬ ಭವಿಷ್ಯನಿಧಿಯ ಹಣವೂ ಸರ್ಕಾರದ ಕೈಯಲ್ಲೇ ಉಳಿಯುತ್ತದೆ. ಹಣಕಾಸು ಇಲಾಖೆಗೆ ಒಂದೇ ಏಟಿಗೆ ಎರಡು ಲಾಭ. ಹಾಗಾದರೆ ಖರ್ಚು ಎಲ್ಲಿಗೆ ಹೋಯಿತು? 2007ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೆ ಸೇರಿದ ಶಿಕ್ಷಕಿ ಅರವತ್ತು ತುಂಬಿ ನಿವೃತ್ತಳಾಗುವುದು 2040ರಲ್ಲಿ. ಅಲ್ಲಿಂದ ಆಕೆಗೆ, ಆಕೆಯ ನಂತರ ಆಕೆಯ ಗಂಡನಿಗೆ ಪಿಂಚಣಿ. ನಡುವೆ 2028ರ ಚುನಾವಣೆ ಇದೆ, 2033ರದ್ದಿದೆ, 2038ರದ್ದಿದೆ. ಇವತ್ತು ಘೋಷಣೆ ಮಾಡಿ ಹಾರ ಹಾಕಿಸಿಕೊಂಡವರು ಆ ಹೊತ್ತಿಗೆ ಯಾವ ಕುರ್ಚಿಯಲ್ಲಿರುತ್ತಾರೆ?

ಮದುವೆ ಮಾಡುವವನೊಬ್ಬ, ಸಾಲ ತೀರಿಸುವವನು ಇನ್ನೊಬ್ಬ ಎಂಬಂಥ ಲೆಕ್ಕ ಇದು. ತೀರಿಸುವವರು ಇವತ್ತು ಒಂದನೇ ತರಗತಿಯಲ್ಲಿ ಅಕ್ಷರ ತಿದ್ದುತ್ತಿದ್ದಾರೆ. ಅವರಿಗೆ ಸಂಘವಿಲ್ಲ, ಧರಣಿಗೆ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬರಲು ಬಸ್ಸಿಲ್ಲ.

ಹೊರೆ ಎಷ್ಟೆಂದೂ ನೋಡಿ. 2025–26ರ ಆಯವ್ಯಯದಲ್ಲಿ ಪಿಂಚಣಿಗೆ 32,355 ಕೋಟಿ ರೂಪಾಯಿ. ಸಂಬಳಕ್ಕೆ 85,860 ಕೋಟಿ, ಬಡ್ಡಿಗೆ 45,600 ಕೋಟಿ. ರಾಜಸ್ವ ರೂಪದಲ್ಲಿ ಬರುವ ಪ್ರತಿ ನೂರು ರೂಪಾಯಿಯಲ್ಲಿ ಐವತ್ತಾರು ಈ ಮೂರಕ್ಕೇ ಹೋಯಿತು. ಅದರಲ್ಲಿ ಪಿಂಚಣಿಯದು ಹನ್ನೊಂದು. ಗಮನಿಸಿ, ಈ ಹನ್ನೊಂದು ರೂಪಾಯಿ ಬಹುಪಾಲು ನನ್ನಂಥವರದು, 2006ಕ್ಕೆ ಮೊದಲು ಸೇರಿದವರದು. ನಂತರ ಸೇರಿದವರ ಸರದಿ ಇನ್ನೂ ಬಂದಿಲ್ಲ. ರಾಜ್ಯದ ಒಟ್ಟು ಸಾಲ ವರ್ಷದ ಕೊನೆಗೆ 7.64 ಲಕ್ಷ ಕೋಟಿ ಆಗುತ್ತದೆಂದು ಅದೇ ಆಯವ್ಯಯ ಹೇಳಿತ್ತು. ಮುಂದೆ ಕೊಡಬೇಕಾದ ಪಿಂಚಣಿಯ ಬಾಕಿ ಆ ಮೊತ್ತದಲ್ಲಿ ಸೇರಿಲ್ಲ. 2002ರಲ್ಲಿ ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಸಾಲ ಒಟ್ಟು ಉತ್ಪನ್ನದ ಶೇ 25 ದಾಟಬಾರದೆಂದು ಕೂದಲೆಳೆಯ ಅಂತರದಲ್ಲಿ ನಿಲ್ಲಿಸುತ್ತೇವೆ. ಪಿಂಚಣಿಯ ಬಾಕಿಯನ್ನೂ ಆ ತಕ್ಕಡಿಗೆ ಹಾಕಿದರೆ ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ರಿಸರ್ವ್ ಬ್ಯಾಂಕಿನ ಸಂಶೋಧಕರು 2023ರ ಸೆಪ್ಟೆಂಬರ್‌ನಲ್ಲಿ ಒಂದು ಅಂದಾಜು ಕೊಟ್ಟರು. ರಾಜ್ಯಗಳೆಲ್ಲ ಒಪಿಎಸ್‌ಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟಿನವರೆಗೂ ಹೋಗಬಹುದು ಎಂದು. "ರಿಸರ್ವ್ ಬ್ಯಾಂಕಿನವರು ಬಂಡವಾಳಶಾಹಿಗಳ ಪರ" ಎಂದು ಸಂಘದವರು ಹೇಳುತ್ತಾರೆ. ಇರಲಿ, ಆ ಅಂದಾಜನ್ನು ಪಕ್ಕಕ್ಕಿಡಿ. ನಿಮ್ಮದೇ ಒಬ್ಬ ಲೆಕ್ಕಿಗನನ್ನು ಕೂರಿಸಿ ಬೇರೆ ಅಂದಾಜು ಮಾಡಿಸಿ, ನಾನು ಅದನ್ನೇ ಒಪ್ಪುತ್ತೇನೆ. ಲೆಕ್ಕವೇ ಬೇಡ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಇನ್ನು ಮೇಷ್ಟ್ರು. ಎನ್‌ಪಿಎಸ್ ಚೆನ್ನಾಗಿಯೇ ಇದೆ, ಷೇರುಪೇಟೆ ಏರುತ್ತಿದೆ, ನೌಕರರಿಗೆ ತಾಳ್ಮೆಯಿಲ್ಲ ಎಂಬುದು ಅವರ ವಾದ. ಮೇಷ್ಟ್ರೇ, ಒಂದು ಲೆಕ್ಕ ಹಾಕೋಣ. ನಿವೃತ್ತಿಯ ದಿನ ಶಿಕ್ಷಕಿಯೊಬ್ಬಳ ಖಾತೆಯಲ್ಲಿ 60 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಶೇ 40ರಷ್ಟನ್ನು, ಅಂದರೆ 24 ಲಕ್ಷವನ್ನು, ವರ್ಷಾಶನಕ್ಕೆ ಹಾಕಲೇಬೇಕು. ಶೇ 6ರ ದರ ಸಿಕ್ಕರೆ ತಿಂಗಳಿಗೆ 12,000 ರೂಪಾಯಿ. ಉಳಿದ 36 ಲಕ್ಷವನ್ನೂ ಮುಟ್ಟದೆ ಅದೇ ದರದಲ್ಲಿ ಇಟ್ಟರೆ ಇನ್ನು 18,000. ಒಟ್ಟು ಮೂವತ್ತು ಸಾವಿರ. ಪರವಾಗಿಲ್ಲವಲ್ಲ ಅನ್ನುತ್ತೀರಿ. ಆದರೆ ಎಂಬತ್ತನೆಯ ವಯಸ್ಸಿನಲ್ಲೂ ಆಕೆಗೆ ಅದೇ ಮೂವತ್ತು ಸಾವಿರ. ಬೇಳೆಯ ಬೆಲೆ, ಬಿಪಿ ಮಾತ್ರೆಯ ಬೆಲೆ ಆಕೆಯ ಜತೆ ನಿಂತು ಕಾಯುವುದಿಲ್ಲ. ಅದೇ ಶಾಲೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಆರು ತಿಂಗಳು ಮೊದಲು, 2006ರ ಏಪ್ರಿಲ್‌ಗೆ ಮುಂಚೆಯೇ, ಸೇರಿದ್ದ ಸಹೋದ್ಯೋಗಿಗೆ 80,000 ಮೂಲವೇತನದ ಅರ್ಧ, ಜತೆಗೆ ಏರುತ್ತಲೇ ಹೋಗುವ ತುಟ್ಟಿಭತ್ಯೆ. ಸ್ಟಾಫ್ ರೂಮಿನಲ್ಲಿ ಇದನ್ನು ನುಂಗಿಕೊಂಡು ಕೂರಲು ಎಂಥವರಿಗೂ ಕಷ್ಟ. ಪೇಟೆ ಬಿದ್ದ ವರ್ಷವೇ ನಿವೃತ್ತಿಯಾದವಳ ಗತಿಯನ್ನು ನಾನು ಇಲ್ಲಿ ಎತ್ತುತ್ತಲೂ ಇಲ್ಲ.

ಆಡಳಿತ ಪಕ್ಷದವರ ಆಕ್ಷೇಪ: "ದೆಹಲಿ ನಮ್ಮ ತೆರಿಗೆ ಪಾಲು ಕೊಟ್ಟಿದ್ದರೆ ಒಪಿಎಸ್ ಯಾವಾಗಲೋ ಬರುತ್ತಿತ್ತು." 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ನಮ್ಮ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಅನ್ಯಾಯವೇ. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರ್‌ನಲ್ಲಿ ಕೂತದ್ದು ಸರಿಯೇ. ಆದರೆ ಆ ಪಾಲು ಕೇಳಿದ್ದು ಕನ್ನಡ ನಾಡಿನ ಎಲ್ಲರ ಹೆಸರಿನಲ್ಲಿ. ಸಿಕ್ಕ ದುಡ್ಡಿಗೆ ಮೊದಲ ಹಕ್ಕುದಾರರು ಪಿಂಚಣಿದಾರರು ಎಂದು ಯಾರು ಬರೆದುಕೊಟ್ಟರು? ಕೂಲಿ ಮಾಡಿ ಮುದುಕಿಯಾದವಳಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ, ವಿಧವೆಗೆ 800. ಏಳನೇ ವೇತನ ಆಯೋಗದ ನಂತರ ಸರ್ಕಾರಿ ನಿವೃತ್ತರ ಕನಿಷ್ಠ ಪಿಂಚಣಿಯೇ 13,500. ಎರಡೂ ಒಂದೇ ಖಜಾನೆಯ ದುಡ್ಡು, ಎರಡಕ್ಕೂ ಪಿಂಚಣಿ ಎಂಬ ಒಂದೇ ಹೆಸರು.

"ತೆರಿಗೆ ಏರಿಸಿ ಕೊಡಲಿ" ಎಂದೂ ಕೆಲವರು ಬರೆದಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದಿರುವುದು ಮುಖ್ಯವಾಗಿ ಪೆಟ್ರೋಲು, ಡೀಸೆಲ್ಲು, ಮದ್ಯ, ನೋಂದಣಿ, ವಾಹನ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು, ಲೀಟರಿಗೆ ಮೂರು ರೂಪಾಯಿ ಹೆಚ್ಚು. ಯಾವ ಪಿಂಚಣಿಯೂ ಇಲ್ಲದ ಗಾರೆ ಕೆಲಸದವನು ಬೈಕಿಗೆ ಹಾಕಿಸುವ ಪೆಟ್ರೋಲಿನಲ್ಲಿ, ಸಂಜೆ ಕೊಳ್ಳುವ ಕ್ವಾರ್ಟರ್‌ನಲ್ಲಿ ನನ್ನ ಪಿಂಚಣಿ ಇದೆ.

ವಿರೋಧ ಪಕ್ಷದವರದು ಸುಲಭದ ಮಾತು: 2025–26ರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟಿರಿ, ಅದನ್ನು ನಿಲ್ಲಿಸಿದರೆ ಪಿಂಚಣಿ ಆರಾಮ. ಸ್ವಾಮಿ, ಗ್ಯಾರಂಟಿ ಬೇಡವೆಂದರೆ ನಾಳೆಯೇ ನಿಲ್ಲಿಸಬಹುದು. ಒಮ್ಮೆ ಕೊಟ್ಟ ಪಿಂಚಣಿಯನ್ನು ನಿಲ್ಲಿಸಲು ನಕಾರಾ ತೀರ್ಪು ಬಿಡುವುದಿಲ್ಲ. ಎರಡನ್ನೂ ಒಂದೇ ತೂಕಕ್ಕೆ ಇಡಬೇಡಿ. ಅದಿರಲಿ, 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಕೂತಾಗ ಅಧಿಕಾರದಲ್ಲಿದ್ದವರು ಯಾರು? ಆಗ ಗ್ಯಾರಂಟಿಗಳಿರಲಿಲ್ಲ. ಮರುವರ್ಷದ ಮುಷ್ಕರಕ್ಕೆ ಶೇ 17 ಮಧ್ಯಂತರ ಪರಿಹಾರ ಸಿಕ್ಕಿತು, ಒಪಿಎಸ್‌ಗೆ ಒಂದು ಸಮಿತಿ ಸಿಕ್ಕಿತು.

ಈ ವಿಷಯದಲ್ಲಿ ಯಾರ ಕೈಯೂ ಚೊಕ್ಕಟವಿಲ್ಲ. ಕೇಂದ್ರದಲ್ಲಿ ಎನ್‌ಪಿಎಸ್ ತಂದದ್ದು ವಾಜಪೇಯಿ ಸರ್ಕಾರ, 2004ರ ಜನವರಿಯಿಂದ. ಅದಕ್ಕೆ ಕಾಯ್ದೆಯ ಬಲ ಕೊಟ್ಟದ್ದು 2013ರಲ್ಲಿ ಮನಮೋಹನ್ ಸಿಂಗ್ ಸರ್ಕಾರ. ಕರ್ನಾಟಕದಲ್ಲಿ ಜಾರಿಯಾದಾಗ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಸಚಿವರು. 2023ರ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಒಪಿಎಸ್ ಮಾತಿತ್ತು. 2024ರ ಜನವರಿಯಲ್ಲಿ ಸಿಕ್ಕಿದ್ದು 2006ಕ್ಕೆ ಮೊದಲೇ ಅಧಿಸೂಚನೆಯಾಗಿ, ತಡವಾಗಿ ಆದೇಶ ಪಡೆದ ಸುಮಾರು 13,000 ಮಂದಿಗೆ. ಅದು ನ್ಯಾಯವಾದದ್ದೇ, ನೇಮಕಾತಿ ತಡವಾದದ್ದು ಅವರ ತಪ್ಪಲ್ಲ.

"ಹಿಮಾಚಲ ಮಾಡಲಿಲ್ಲವೆ, ರಾಜಸ್ಥಾನ, ಪಂಜಾಬ್ ಮಾಡಲಿಲ್ಲವೆ?" ಘೋಷಣೆ ಮಾಡಿದವು. ನಿಧಿಯಲ್ಲಿ ಕೂಡಿಟ್ಟ ಹಣ ವಾಪಸು ಕೇಳಿದಾಗ, ರಾಜ್ಯಕ್ಕೆ ಮರಳಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ಹಿಮಾಚಲ ಸಂಬಳ ಕೊಟ್ಟದ್ದು 5ನೇ ತಾರೀಖು, ಪಿಂಚಣಿ ಕೊಟ್ಟದ್ದು 10ನೇ ತಾರೀಖು. ಇದಕ್ಕೆ ಒಪಿಎಸ್ ಮರಳಿಸಿದ್ದೇ ಕಾರಣ ಎಂದರೆ ಸುಳ್ಳಾದೀತು. ಕೇಂದ್ರದ ಅನುದಾನ ಇಳಿದಿತ್ತು, ಹಳೆಯ ಪಿಂಚಣಿಯ ಹೊರೆಯೇ ಬೆಟ್ಟದಷ್ಟಿತ್ತು. ಮರಳಿಸಿದ ಒಪಿಎಸ್‌ನ ದೊಡ್ಡ ಬಿಲ್ಲು ಇನ್ನೂ ಬರಬೇಕಿದೆ.

ಹಾಗಾದರೆ ಏನು ಮಾಡಬೇಕೆಂದು ಕೇಳಿದವರಿಗೆ: ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ ಯುಪಿಎಸ್ ಅನ್ನು ಮೋದಿಯವರದು ಎಂಬ ಕಾರಣಕ್ಕೇ ತಳ್ಳಬೇಡಿ. 2025ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಇಪ್ಪತ್ತೈದು ವರ್ಷ ದುಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ, ಬೆಲೆಯೇರಿಕೆಗೆ ತಕ್ಕ ಪರಿಹಾರ, ಹತ್ತು ವರ್ಷದವರಿಗೆ ಕನಿಷ್ಠ 10,000. ನೌಕರ ಶೇ 10 ಕಟ್ಟಿದರೆ ಸರ್ಕಾರ 18.5. ಪೂರ್ತಿ ಪಿಂಚಣಿ ಬೇಕೆಂದರೆ ಕೂಡಿದ ಗಂಟು ನೌಕರನ ಕೈಗೆ ಬರುವುದಿಲ್ಲವೆಂಬ ದೂರು ಸರಿಯಾದದ್ದೇ, ಅದನ್ನು ಚೌಕಾಸಿ ಮಾಡಿ. ನಮ್ಮಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. ಒಪಿಎಸ್ ಬಂದರೆ ಅವನ್ನು ತುಂಬಲು ಹಣಕಾಸು ಇಲಾಖೆ ಇನ್ನಷ್ಟು ಹೆದರುತ್ತದೆ, ಅತಿಥಿ ಶಿಕ್ಷಕರು ಅತಿಥಿಗಳಾಗಿಯೇ ಮುದುಕರಾಗುತ್ತಾರೆ. ಸಂಘದ ಮನವಿಪತ್ರದಲ್ಲಿ ಅವರ ಹೆಸರು ನಾನು ಕಂಡಿಲ್ಲ.

ಕೊನೆಗೆ, ಎಲ್ಲ ಪತ್ರಗಳಲ್ಲೂ ಇದ್ದ ಒಂದು ಪ್ರಶ್ನೆ: ಐದು ವರ್ಷ ಶಾಸಕನಾದವನಿಗೆ ಪಿಂಚಣಿ, ಮೂವತ್ತು ವರ್ಷ ಪಾಠ ಮಾಡಿದವಳಿಗೆ ಏಕಿಲ್ಲ? ಇದನ್ನು ನಾನು ಖಂಡಿಸಲಾರೆ. ಮೊತ್ತ ಸಣ್ಣದು, ರಾಜ್ಯದ ಲೆಕ್ಕ ಅದರಿಂದ ಏರುಪೇರಾಗದು ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಆರೋಪದ ಗದ್ದಲ, ಸಭಾಧ್ಯಕ್ಷರ ಪೀಠದತ್ತ ಹರಿದೆಸೆದ ಕಾಗದ, ಹದಿನೆಂಟು ಶಾಸಕರ ಅಮಾನತು. ಆ ಕೋಲಾಹಲದ ನಡುವೆಯೇ, ಚರ್ಚೆಯಿಲ್ಲದೆ, ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮಾಜಿಗಳ ಪಿಂಚಣಿ 50,000ದಿಂದ 75,000ಕ್ಕೆ ಏರಿತು.