ಸಕ್ಕರೆ ಕಾಯಿಲೆಗೂ ಒಬ್ಬ ಜೊತೆಗಾರ ಬೇಕು

ಮದುವೆ ಮನೆಯಲ್ಲಿ ಪ್ರೀತಿಯಿಂದ ಎರಡನೇ ಸಲ ಸಿಹಿ ಬಡಿಸುವಾಗ "ಬೇಡ, ನನಗೆ ಸಕ್ಕರೆ ಕಾಯಿಲೆ ಉಂಟು" ಎನ್ನಲು ನಿಮಗೆ ನಾಚಿಕೆಯೇ? ನನಗೂ ಇತ್ತು. ಮೊದಲ ವರ್ಷ ಮಾತ್ರೆಯನ್ನು ಕದ್ದು ನುಂಗುತ್ತಿದ್ದೆ, ಸಿಹಿಯನ್ನು ಎಲ್ಲರೆದುರೇ ತಿನ್ನುತ್ತಿದ್ದೆ.

ಆ ವರ್ಷದ ರಮಝಾನ್‌ನಲ್ಲಿ ವೈದ್ಯರನ್ನು ಕೇಳದೆಯೇ ಉಪವಾಸ ಹಿಡಿದೆ. ಒಂದು ದಿನ ಅಸರ್ ನಮಾಝ್ ಮುಗಿದು ಏಳಲು ಹೊರಟರೆ ಕೈ ನಡುಗಿತು, ಮೈ ಬೆವರಿತು, ಕಣ್ಣು ಮಂಜಾಯಿತು. ಪಕ್ಕದಲ್ಲಿದ್ದ ನಿವೃತ್ತ ಬಸ್ ಚಾಲಕರೊಬ್ಬರು ನನ್ನ ಮುಖ ನೋಡಿದವರೇ ಸಕ್ಕರೆ ನೀರು ತರಿಸಿದರು. "ಮಗ್ರಿಬ್‌ಗೆ ಇನ್ನೇನು ಸ್ವಲ್ಪ ಹೊತ್ತು, ಕಾಕಾ" ಎಂದೆ. "ಕುಡಿಯಿರಿ ಮಾಸ್ಟ್ರೇ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನು. ಅದನ್ನು ಬೇಡವೆನ್ನಲು ನೀವು ಯಾರು? ನನಗೆ ಈ ಕಾಯಿಲೆ ಬಂದು ಹನ್ನೆರಡು ವರ್ಷ ಆಯಿತು" ಎಂದರು. ಬಿ.ಎ. ಓದಿದ ನನಗಿಲ್ಲದ ತಿಳಿವಳಿಕೆ ಅವರಲ್ಲಿತ್ತು.

ಅಂದಿನಿಂದ ನಾವಿಬ್ಬರು ಸುಬ್‌ಹಿ ನಮಾಝಿನ ಬಳಿಕ ಅರ್ಧ ಗಂಟೆ ನಡೆಯುತ್ತೇವೆ. ಈಗ ಐದು ಮಂದಿಯಾಗಿದ್ದೇವೆ. ನನ್ನ ಪತ್ನಿಯೂ ನೆರೆಯ ಇಬ್ಬರು ಸಹೋದರಿಯರೊಂದಿಗೆ ನಡೆಯುತ್ತಾಳೆ. ಒಬ್ಬರು ತಪ್ಪಿಸಿಕೊಂಡರೆ ಇನ್ನೊಬ್ಬರು ಬಾಗಿಲು ತಟ್ಟುತ್ತಾರೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ವೈದ್ಯರು ನಮಗೆ ಕೊಡುವುದು ಹತ್ತು ನಿಮಿಷ. ಉಳಿದ ಸಮಯವೆಲ್ಲ ಅಡುಗೆಮನೆ, ಅಂಗಡಿ, ನೆಂಟರ ಮನೆಯಲ್ಲಿ ಕಳೆಯುತ್ತದೆ. ಅಲ್ಲಿ ಕೈ ಹಿಡಿಯುವವರು ಬೇಕು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಧುಮೇಹದ ಅಪಾಯವಿದ್ದ ಸುಮಾರು ಸಾವಿರ ಮಂದಿಯನ್ನು ಸೇರಿಸಿ ಒಂದು ಪ್ರಯೋಗ ನಡೆಯಿತು. ಕೆಲವು ಪ್ರದೇಶಗಳಲ್ಲಿ ಊರಿನವರೇ ತರಬೇತಿ ಪಡೆದು ಗುಂಪು ನಡೆಸಿದರು. 2018ರಲ್ಲಿ ಫಲಿತಾಂಶ ಬಂತು. ಎರಡು ವರ್ಷಗಳಲ್ಲಿ ಹೊಸದಾಗಿ ಕಾಯಿಲೆ ಬಂದವರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಆದರೆ ಗುಂಪಿನಲ್ಲಿದ್ದವರು ಹಣ್ಣು ತರಕಾರಿ ಹೆಚ್ಚು ತಿಂದರು, ಮದ್ಯಪಾನ ಕಡಿಮೆ ಮಾಡಿದರು. ಜೊತೆಗಾರ ಪವಾಡ ಮಾಡುವುದಿಲ್ಲ, ರೂಢಿ ಬದಲಿಸಲು ನೆರವಾಗುತ್ತಾನೆ.

ಜೊತೆಗಾರ ವೈದ್ಯನೂ ಅಲ್ಲ. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು. ಯಾರೋ ಹೇಳಿದ ಕಷಾಯ ನಂಬಿ ಔಷಧಿ ನಿಲ್ಲಿಸಬಾರದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಪರಸ್ಪರ ನೆನಪಿಸಿ. ಪ್ರತಿ ರಾತ್ರಿ ಪಾದ ನೋಡಿಕೊಳ್ಳಲು ಹೇಳಿ. ರಮಝಾನ್‌ಗೆ ಆರೆಂಟು ವಾರ ಮೊದಲೇ ಒಟ್ಟಾಗಿ ವೈದ್ಯರಲ್ಲಿಗೆ ಹೋಗಿ. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂಬುದು ತಜ್ಞರ ಸಲಹೆ.

ನಿಮ್ಮ ಬೀದಿಯಲ್ಲೂ ಮಾತ್ರೆ ಬಚ್ಚಿಟ್ಟು ನುಂಗುವವರೊಬ್ಬರು ಇರಬಹುದು. ನಾಳೆ ಬೆಳಿಗ್ಗೆ ಅವರ ಬಾಗಿಲು ತಟ್ಟಿ. "ನನಗೂ ಉಂಟು, ಬನ್ನಿ ನಡೆಯೋಣ" ಎನ್ನಿ. ರೋಗಿಯನ್ನು ಸಂದರ್ಶಿಸುವ ಪುಣ್ಯ ಆಸ್ಪತ್ರೆಯ ಮಂಚದ ಬಳಿ ಮಾತ್ರ ಸಿಗುವುದಲ್ಲ.