ಕುಚೋದ್ಯ: ಒಂದು ಪದವಿಚಾರ

ಕೆಲವು ಪದಗಳು ಹೊಗಳಿಕೆಗೂ ತೆಗಳಿಕೆಗೂ ನಡುವೆ ನಿಂತಿರುತ್ತವೆ. ‘ಕುಚೋದ್ಯ’ ಅಂಥದೊಂದು ಪದ. ಶಾಲೆಗಳಲ್ಲಿ ಇದು ಬಹುಮಟ್ಟಿಗೆ ದೂರಿನ ಮಾತಾಗಿಯೇ ಬಳಕೆಯಾಗುತ್ತದೆ. ಆದುದರಿಂದ ಇದರ ಅರ್ಥವನ್ನು ಕುರಿತು ಶಿಕ್ಷಕ ಬಂಧುಗಳು ಒಂದಿಷ್ಟು ವಿಚಾರ ಮಾಡುವುದು ಉಚಿತ.

‘ಚೋದ್ಯ’ವು ಸಂಸ್ಕೃತದ ‘ಚುದ್’ ಧಾತುವಿನಿಂದ ಬಂದುದು. ಪ್ರೇರಿಸುವುದು ಎಂಬುದು ಅದರ ಮೂಲಾರ್ಥ. ‘ಪ್ರಚೋದನೆ’ಯೂ ಅದರ ಸಂತತಿಯೇ. ಶಾಸ್ತ್ರಚರ್ಚೆಯಲ್ಲಿ ಚೋದ್ಯವೆಂದರೆ ಎತ್ತಿದ ಪ್ರಶ್ನೆ ಅಥವಾ ಆಕ್ಷೇಪ. ಕುಚೋದ್ಯವೆಂದರೆ ಸಲ್ಲದ ಆಕ್ಷೇಪ. ಕನ್ನಡ ಕಾವ್ಯಗಳಲ್ಲಿ ಚೋದ್ಯವು ಹೆಚ್ಚಾಗಿ ಅಚ್ಚರಿಯನ್ನು ಸೂಚಿಸುತ್ತದೆ. ‘ಇದೇನು ಚೋದ್ಯ!’ ಎಂಬ ಉದ್ಗಾರ ಇಂದಿಗೂ ಅಳಿದಿಲ್ಲ. ಕುಚೋದ್ಯವಾದರೋ ಕೆಣಕುವ ತುಂಟ ನಗೆಗೆ ಹೆಸರಾಯಿತು.

ಇದರ ನೆರೆಹೊರೆಯ ಪದಗಳನ್ನೂ ಗಮನಿಸಬೇಕು. ವಿನೋದ ಎಲ್ಲರನ್ನೂ ನಗಿಸುತ್ತದೆ. ಲೇವಡಿ ಒಬ್ಬನನ್ನು ಹೀಗಳೆಯುತ್ತದೆ. ಕುಹಕದಲ್ಲಿ ವಂಚನೆ ಬೆರೆತಿರುತ್ತದೆ. ಉತ್ತರ ಕರ್ನಾಟಕದ ಮನೆಮಾತಿನ ‘ಚಾಷ್ಟಿ’ಯು ‘ಚೇಷ್ಟೆ’ಯ ರೂಪ, ಚೇಷ್ಟೆಗೆ ಮೊದಲಿದ್ದ ಅರ್ಥ ಬರಿಯ ಚಲನೆ. ಕುಚೋದ್ಯಕ್ಕೆ ಮಾತ್ರ ಬುದ್ಧಿಯ ಚುರುಕು ಬೇಕು. ಎದುರಿನವರ ಮಾತಿನ ಸಂದನ್ನು ಕಾಣುವ ಕಣ್ಣು ಬೇಕು.

ನಮ್ಮ ಸಾಹಿತ್ಯವು ಈ ಗುಣವನ್ನು ದೂರವಿಟ್ಟಿಲ್ಲ. ನಾ. ಕಸ್ತೂರಿಯವರ ‘ಅನರ್ಥಕೋಶ’ವು ನಿಘಂಟಿನ ಗಾಂಭೀರ್ಯವನ್ನೇ ನಗೆಗೆ ಗುರಿಮಾಡಿತು. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯು 1967ರವರೆಗೆ ಕನ್ನಡಿಗರನ್ನು ನಗಿಸಿತು. ಡಂಭವನ್ನು ಕೆಣಕುವ ನಗೆಗೂ ದುರ್ಬಲರನ್ನು ನೋಯಿಸುವ ನಗೆಗೂ ಇರುವ ಅಂತರ ಇಂಥ ಬರಹಗಳಿಂದ ಮನವರಿಕೆಯಾಗುತ್ತದೆ.

ತರಗತಿಗೂ ಇದೇ ಅಳತೆಗೋಲು ಸಲ್ಲಬೇಕು. ಪಾಠದ ನಡುವೆ ವಿದ್ಯಾರ್ಥಿಯೊಬ್ಬ ಓರೆಪ್ರಶ್ನೆ ಕೇಳಿ ನಗಿಸಿದರೆ ಗುರುಗಳಿಗೆ ಕ್ಷಣಕಾಲ ಮುಜುಗರವಾದೀತು. ತೊದಲುವ ಸಹಪಾಠಿಯನ್ನು ಅಣಕಿಸಿದರೆ ಒಂದು ಎಳೆಯ ಜೀವ ಮಾತನಾಡುವುದನ್ನೇ ಬಿಟ್ಟೀತು. ಎರಡಕ್ಕೂ ಕುಚೋದ್ಯವೆಂಬ ಒಂದೇ ಹೆಸರು, ಒಂದೇ ದಂಡನೆ ಎಂದರೆ ನ್ಯಾಯವಲ್ಲ. ಮೇಲಾಗಿ, ಮೊದಲನೆಯದು ಗುರುಗಳ ಎದುರಿನಲ್ಲೇ ನಡೆಯುವುದರಿಂದ ಒಡನೆಯೇ ಶಿಕ್ಷೆಗೆ ಗುರಿಯಾಗುತ್ತದೆ. ಎರಡನೆಯದು ಅವರ ಬೆನ್ನ ಹಿಂದೆ ನಡೆದು ಉಳಿದುಕೊಳ್ಳುತ್ತದೆ.

ಓರೆಪ್ರಶ್ನೆಯಲ್ಲಿ ಚೋದ್ಯವಿದೆ, ಅಣಕದಲ್ಲಿ ಉಳಿದಿರುವುದು ‘ಕು’ ಮಾತ್ರ. ಮಕ್ಕಳ ನಗೆಯಿಂದ ಆ ‘ಕು’ವನ್ನು ಕಳೆದು, ಚೋದ್ಯವನ್ನು ಕಾಪಾಡುವ ವಿವೇಕವೇ ಶಿಕ್ಷಣ. ಪ್ರಶ್ನೆಯೂ ಅಚ್ಚರಿಯೂ ಅಡಗಿಹೋದ ಶಾಲೆಯಲ್ಲಿ ಶಿಸ್ತು ಉಳಿದೀತು, ವಿದ್ಯೆ ಉಳಿಯದು.